ಪವಳಂ ಮೇಕೆ ಕಟ್ಟಲಿಲ್ಲ

ಕಲ್ಲಡಿ, ಮಟ್ಟಕ್ಕಳಪ್ಪು
೯ ಫೆಬ್ರವರಿ ೨೦೦೩

‘ಪಕ್ಕದ ಮನೆಯ ಮಾತು’ ಪುಸ್ತಕ ಬರೆದ ಶ್ರೀ ನಂದಸೇನ ಏಕನಾಯಕ ಅವರಿಗೆ,

ವಣಕ್ಕಂ. ನಿಮಗೆ ನನ್ನ ಪರಿಚಯವಿಲ್ಲ. ಇಲ್ಲಿಯ ಬೇಕರಿಯವರ ಮೂವರು ಮಕ್ಕಳಿಗೆ ಸಂಜೆ ಹೊತ್ತು ತಮಿಳು ಹೇಳಿಕೊಡುವ ಟೀಚರ್ ನಾನು. ಅವರು ಮನೆಯಲ್ಲಿ ಸಿಂಹಳ ಮಾತಾಡುವವರು. ಹಿಟ್ಟು ಕೊಳ್ಳುವುದು, ಬನ್ನು ಮಾರುವುದು ಎಲ್ಲ ತಮಿಳಿನಲ್ಲೇ ಆಗಬೇಕಾದ ಊರಿದು. ಸಿಂಹಳ ಮಕ್ಕಳಿಗೆ ತಮಿಳು ಕಲಿಸಲು ನಿಮ್ಮ ನುಡಿಸೇತು ಸಂಘದ ಪುಸ್ತಕಕ್ಕಿಂತ ಒಳ್ಳೆಯದು ಸಿಗುವುದಿಲ್ಲವೆಂದು ಕಾನ್ವೆಂಟಿನ ಸಿಸ್ಟರ್ ಹೇಳಿದರು. ತರಿಸಿಕೊಂಡೆ. ಆರು ಪಾಠ ಖುಷಿಯಾಗಿ ನಡೆಯಿತು. ನಿಮ್ಮ ವಾಕ್ಯಗಳು ಚಿಕ್ಕವು, ಬಾಯಲ್ಲಿ ಸಲೀಸಾಗಿ ಹೊರಳುತ್ತವೆ. ಅದಕ್ಕೆ ನಮಸ್ಕಾರ.

ನಿನ್ನೆ ಏಳನೆಯ ಪಾಠಕ್ಕೆ ಬಂದೆವು. ಆಲದ ಮರದ ಕೆಳಗೆ ಕುರುಡ ಕೂತಿದ್ದಾನೆ, ಮುಂದೆ ಬಟ್ಟಲು. ಕಾಸು ಕೊಡು, ಕೈ ಹಿಡಿ, ರಸ್ತೆ ದಾಟಿಸು, ನೆರಳಲ್ಲಿ ಕೂರಿಸು. ಬೇಕರಿಯವರ ಕಿರಿಯವಳು ದಿಲ್ರುಕ್ಷಿ, ಎಂಟು ವರ್ಷದ ಜಾಣೆ, ಚಿತ್ರ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಚಿತ್ರ ನೋಡಿ ಕೇಳಿದಳು:

“ಮಿಸ್, ನಿಮ್ಮ ಬಟ್ಟಲು ಎಲ್ಲಿ?”

ಅದು ಕುಚೋದ್ಯವಲ್ಲ ಅಯ್ಯಾ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು. ಪೋಲಿಯೋ ಆದಾಗಿನಿಂದ ನನ್ನ ಎರಡು ಕಾಲಿಗೂ ಬಲವಿಲ್ಲ. ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ಊರೆಲ್ಲ ಸುತ್ತುತ್ತೇನೆ. ನಿಮ್ಮ ಪುಸ್ತಕದಲ್ಲಿ ನನ್ನಂಥ ಮೈಯವನು ಅವನೊಬ್ಬನೇ, ಅವನ ಕೈಯಲ್ಲಿ ಬಟ್ಟಲು. ಮಗು ಸರಿಯಾಗಿಯೇ ಲೆಕ್ಕ ಹಾಕಿತು.

ಪುಸ್ತಕವನ್ನು ಮೊದಲಿಂದ ಕೊನೆಯವರೆಗೂ ಮತ್ತೆ ಓದಿದೆ. ಮರ ಹತ್ತುವವರಿದ್ದಾರೆ, ಓಟದಲ್ಲಿ ಗೆಲ್ಲುವವರಿದ್ದಾರೆ. ಅಜ್ಜಿ ಕೂಡ ಜಿಂಕೆಯ ಹಾಗೆ ಓಡಿ ನೀರು ತರುತ್ತಾಳೆ. ನಾಯಿಗೆ ಹೆಸರಿದೆ. ಕುರುಡನಿಗೆ ಇಲ್ಲ. ಅವನು ಆಡುವ ಮಾತು ಒಂದೇ: “ನಿಮಗೆ ಪುಣ್ಯ ಬರಲಿ.” ತಮಿಳು ಕಲಿಯುವ ಮಗು ಅವನ ಕೂಡ ಮಾತಾಡುವುದನ್ನು ಕಲಿಯುವುದೇ ಇಲ್ಲ. ಅವನ ಬಗ್ಗೆ ಪಕ್ಕದವನಿಗೆ ಅಪ್ಪಣೆ ಕೊಡುವುದನ್ನು ಕಲಿಯುತ್ತದೆ.

ಮುಂದಿನ ಮುದ್ರಣಕ್ಕೆ ಮೊದಲು ಯೋಚನೆ ಮಾಡಿ. ಉತ್ತರ ಬರೆಯದೆ ಇದ್ದರೆ ಇನ್ನೊಂದು ಪತ್ರ ಬರೆಯುತ್ತೇನೆ, ಅದು ಇದಕ್ಕಿಂತ ಉದ್ದ ಇರುತ್ತದೆ.

ಇತಿ,
ಯೋಗಮಲರ್ ಶಿವಪಾದಂ

———

ಮಾತಲೆ
೨೩ ಫೆಬ್ರವರಿ ೨೦೦೩

ಗೌರವಾನ್ವಿತ ಯೋಗಮಲರ್ ಟೀಚರ್ ಅವರಿಗೆ,

ನಿಮ್ಮ ಪತ್ರ ತಲುಪಿತು. ನಾನು ವಾಳೈಚ್ಚೇನೈ ಅಂಚೆ ಕಚೇರಿಯಲ್ಲಿ ಬಹಳ ಕಾಲ ಪೋಸ್ಟ್ ಮಾಸ್ಟರ್ ಆಗಿದ್ದವನು. ಕಲಿತ ತಮಿಳೆಲ್ಲ ಅಲ್ಲಿಯದೇ. ತಪ್ಪಿದ್ದರೆ ತಿದ್ದಿಕೊಳ್ಳಿ.

ಏಳನೆಯ ಪಾಠವನ್ನು ನಾನು ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ಮಕ್ಕಳಲ್ಲಿ ಕರುಣೆ ಬೆಳೆಯಬೇಕೆಂಬುದು ನಮ್ಮ ಸಂಘದ ಉದ್ದೇಶ. ದೈಹಿಕ ಕೊರತೆ ಇರುವವರಿಗೆ ನೆರವಾಗುವುದು ಸಣ್ಣ ಸಂಗತಿಯೇ? ವಿಧಿರೂಪದ ಕ್ರಿಯಾಪದಗಳನ್ನು ಕಲಿಸಲು ಅಷ್ಟು ಅನುಕೂಲವಾದ ಸನ್ನಿವೇಶ ಬೇರೆ ಹೊಳೆಯಲಿಲ್ಲ. ಎರಡು ಮುದ್ರಣ ಮುಗಿದಿವೆ, ಇದುವರೆಗೆ ಯಾರೂ ಆಕ್ಷೇಪಿಸಿಲ್ಲ.

ಆದರೂ ಬಟ್ಟಲಿನ ವಿಷಯ ಓದಿ ನನಗೆ ಆ ದಿನ ಊಟ ಸೇರಲಿಲ್ಲ.

ಮೂರನೆಯ ಮುದ್ರಣ ವರ್ಷದ ಕೊನೆಗೆ. ತಿದ್ದುಪಡಿಗಳಿದ್ದರೆ ಸಂಘದ ಸಮಿತಿಯ ಮುಂದಿಡಬಹುದು. ನೀವು ಟೀಕೆ ಮಾಡಿದ್ದೀರಿ, ಬದಲಿಗೆ ಏನಿರಬೇಕೆಂದು ಹೇಳಿಲ್ಲ.

ನನ್ನ ಹೆಂಡತಿ ಸೋಮಲತಾ ನಿಮ್ಮ ಪತ್ರವನ್ನು ಮೂರು ಸಲ ಓದಿಸಿಕೊಂಡಳು. ನಾಯಿಗೆ ಹೆಸರಿದೆ ಎಂಬಲ್ಲಿ ಜೋರಾಗಿ ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು. ಆದ್ದರಿಂದಲೇ ಈ ಉತ್ತರ ಬೇಗ ಬರೆಯುತ್ತಿದ್ದೇನೆ.

ವಿಶ್ವಾಸಿ,
ನಂದಸೇನ ಏಕನಾಯಕ

———

ಕಲ್ಲಡಿ
೩ ಮಾರ್ಚ್ ೨೦೦೩

ಏಕನಾಯಕ ಅಯ್ಯಾ ಅವರಿಗೆ,

ಬದಲಿಗೆ ಏನು ಅಂತ ಕೇಳಿದಿರಲ್ಲ! ಆ ಸಾಲು ಓದಿದ ಕೂಡಲೇ ಬರೆಯಲು ಕೂತವಳು ಎದ್ದದ್ದು ಅಮ್ಮ ಬಂದು ದೀಪ ಆರಿಸಿದಾಗ. “ಯಾರಿಗೇ ಅಷ್ಟೊಂದು ಬರೀತಿದ್ದೀಯ? ಯಾರಾದ್ರೂ ಹೆಣ್ಣು ಕೇಳಿದ್ದಾರಾ?” ಎಂದಳು. “ಇಲ್ಲಮ್ಮಾ, ಮೇಕೆ ಸಾಕ್ತಿದ್ದೀನಿ” ಎಂದೆ.

ನಿಮ್ಮ ಹನ್ನೆರಡನೆಯ ಪಾಠ ಭೂತಕಾಲದ್ದು. ‘ರಾಜ ಬಂದನು, ರಾಜ ಹೋದನು.’ ಆ ರಾಜ ಬಂದು ಹೋಗುವುದನ್ನು ನೋಡಿ ಬೇಕರಿಯ ದೊಡ್ಡ ಹುಡುಗ ಆಕಳಿಸುತ್ತಾನೆ. ಭೂತಕಾಲ ನಾಲಿಗೆಗೆ ಬರಬೇಕಾದರೆ ಜಗಳ ಬೇಕು ಅಯ್ಯಾ. ಜಗಳದಲ್ಲಿ ಯಾರಾದರೂ ವರ್ತಮಾನಕಾಲದಲ್ಲಿ ಮಾತಾಡುತ್ತಾರಾ? ನೀನು ಮಾಡಿದೆ, ನಾನು ಮಾಡಲಿಲ್ಲ, ನೀನು ಹೇಳಿದೆ, ನಾನು ಎಲ್ಲಿ ಹೇಳಿದೆ? ಅಲ್ಲೇ ಪಾಠ ಮುಗಿಯಿತು!

ನನ್ನ ಕಥೆ ಇದು. ಪವಳಂ ಎಂಬ ಹುಡುಗಿ. ಮೂರು ಗಾಲಿಯ ಸೈಕಲ್ಲಿನವಳು. ಅದು ಚಿತ್ರದಲ್ಲಿ ಕಾಣುತ್ತದೆ, ಮಾತಿನಲ್ಲಿ ಯಾರೂ ವಿವರಿಸುವುದಿಲ್ಲ. ಅವಳಿಗೊಂದು ಮೇಕೆ, ಹೆಸರು ಮಂತ್ರಿ. ಮೇಕೆ ಕಟ್ಟುವುದನ್ನು ಮರೆತಳು. ಅದು ಪಕ್ಕದ ಮನೆಯ ಕನಕಮ್ಮನ ಬದನೆ ಗಿಡ ತಿಂದಿತು. ಕನಕಮ್ಮ ಬೇಲಿ ಹತ್ತಿರ ಬಂದು ಕೂಗುತ್ತಾಳೆ:

“ನಿನ್ನ ಮೇಕೆ ನನ್ನ ಗಿಡ ತಿಂದಿತು!”
“ನನ್ನ ಮೇಕೆ ನಿನ್ನೆ ಉಪವಾಸ ಇತ್ತು!”
“ಅದರ ಬಾಯಲ್ಲಿ ಎಲೆ ಇತ್ತು!”
“ಅದು ಅದರದೇ ಎಲೆ!”

ಗಮನಿಸಿ, ಪವಳಂ ಸುಳ್ಳು ಹೇಳುತ್ತಾಳೆ. ತಪ್ಪು ಅವಳದೇ. ಬೇಕೆಂದೇ ಹಾಗೆ ಮಾಡಿದೆ. ಪುಸ್ತಕಗಳಲ್ಲಿ ನಮ್ಮಂಥವರು ಒಂದೋ ಬೇಡುತ್ತೇವೆ, ಇಲ್ಲವೇ ಪದಕ ಗೆಲ್ಲುತ್ತೇವೆ. ಸುಳ್ಳು ಹೇಳಿ ಸಿಕ್ಕಿಬೀಳುವ ಅವಕಾಶ ನಮಗೆ ಯಾರೂ ಕೊಟ್ಟಿಲ್ಲ.

ನಿನ್ನೆ ಇದನ್ನು ಮಕ್ಕಳ ಮೇಲೆ ಪ್ರಯೋಗ ಮಾಡಿದೆ. ಬೇಕರಿಯ ಹಿಂದಿನ ಅಂಗಳದಲ್ಲಿ ಎಂಥಾ ಗಲಾಟೆ! ಪಕ್ಕದ ಬೀದಿಯವರು ನಿಜವಾದ ಜಗಳವೆಂದು ಬಿಡಿಸಲು ಬಂದರು. ದಿಲ್ರುಕ್ಷಿ ಮೂರೂ ಹೊತ್ತು “ತಿಂದಿತು, ತಿನ್ನಲಿಲ್ಲ” ಎನ್ನುತ್ತ ತಿರುಗುತ್ತಿದ್ದಾಳೆ.

ಸೋಮಲತಾ ಅಮ್ಮನವರಿಗೂ ಓದಿ ಹೇಳಿ. ಅವರು ಓದಿಸಿಕೊಂಡರು ಅಂದಿರಲ್ಲ, ತಮಿಳು ಅಕ್ಷರ ಬಾರದೇನೋ?

ನಿಮ್ಮ,
ಯೋಗಮಲರ್

———

ಮಾತಲೆ
೨೪ ಮಾರ್ಚ್ ೨೦೦೩

ಪ್ರಿಯ ಟೀಚರ್,

ಅದರದೇ ಎಲೆ! ಈ ಮನೆಯಲ್ಲಿ ಈಗ ಅದೇ ಮಾತು. ನಾನು ಚಹಾಕ್ಕೆ ಸಕ್ಕರೆ ಹಾಕಿಕೊಂಡೆನೆಂದು ಸೋಮಲತಾ ಗದರಿದರೆ “ಅದು ಅದರದೇ ಸಕ್ಕರೆ” ಎನ್ನುತ್ತೇನೆ. ಅರವತ್ತೆರಡನೆಯ ವಯಸ್ಸಿನಲ್ಲಿ ನನಗೆ ಹುಚ್ಚು ಹಿಡಿಸಿದಿರಿ.

ನಿಮ್ಮ ಪಾಠವನ್ನು ಸಮಿತಿಯ ಅಧ್ಯಕ್ಷರಾದ ಸೇನಾಧೀರ ಅವರಿಗೆ ತೋರಿಸಿದೆ. ಒಳ್ಳೆಯವರು, ಹೈಸ್ಕೂಲ್ ಹೆಡ್ ಮಾಸ್ಟರ್ ಆಗಿದ್ದವರು. ಮೊದಲು ನಕ್ಕರು. ಆಮೇಲೆ ಕನ್ನಡಕ ತೆಗೆದು, “ಪಾಪದ ಹುಡುಗಿಯನ್ನ ಸುಳ್ಳುಗಾತಿ ಮಾಡೋದು ಸರಿಯೇನ್ರೀ?” ಎಂದರು. ಪೂರ್ತಿ ಬೇಡವೆಂದೂ ಅನ್ನಲಿಲ್ಲ. ನಾನು ಬಿಡುವುದಿಲ್ಲ.

ನನಗೊಂದು ಯೋಚನೆ ಬಂದಿದೆ. ಹೇಗೂ ಏಳನೆಯ ಪಾಠವನ್ನು ತೆಗೆಯುವುದಾದರೆ ಕಣ್ಣು ಕಾಣದವರೊಬ್ಬರು ಪುಸ್ತಕದಲ್ಲಿ ಉಳಿಯಲಿ. ಬಾಗಿಲ ಬಳಿ ಶಾಂತವಾಗಿ ಕುಳಿತಿರುವ ಒಬ್ಬ ಹೆಂಗಸು. ಮಲ್ಲಿಗೆಯ ವಾಸನೆಯಿಂದಲೇ ಹೊತ್ತು ಹೇಳುತ್ತಾಳೆ, ಹೆಜ್ಜೆ ಸದ್ದಿನಿಂದಲೇ ಬಂದವರ ಮನಸ್ಸು ತಿಳಿಯುತ್ತಾಳೆ. ಮನೆಯವರೆಲ್ಲ ಅವಳನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾರೆ, ಹೊರಗಿನ ಬಿಸಿಲು ತಾಗಲು ಬಿಡುವುದಿಲ್ಲ. ನಾಲ್ಕು ಸಾಲು ಬರೆದು ಇದರೊಂದಿಗೆ ಇಟ್ಟಿದ್ದೇನೆ. ಹೇಗಿದೆ ಹೇಳಿ.

ನಿಮ್ಮ,
ನಂದಸೇನ

———

ಕಲ್ಲಡಿ
೪ ಏಪ್ರಿಲ್ ೨೦೦೩

ಅಯ್ಯಾ,

ಚೆನ್ನಾಗಿಲ್ಲ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ನಿಮ್ಮ ಹೆಂಗಸು ನಾಲ್ಕು ಸಾಲಿನಲ್ಲಿ ಒಂದು ಸಲವೂ ಎದ್ದು ನಿಲ್ಲುವುದಿಲ್ಲ. ಆಲದ ಮರದ ಕೆಳಗಿದ್ದವನನ್ನು ಎತ್ತಿ ಮನೆಯ ಬಾಗಿಲಿಗೆ ತಂದು, ಸೀರೆ ಉಡಿಸಿ ಕೂರಿಸಿದ್ದೀರಿ, ಅಷ್ಟೇ. ಬಟ್ಟಲು ಹೋಯಿತು, ಮಲ್ಲಿಗೆ ಬಂತು. ಮೂಸಿ ಮೂಸಿ ಎಲ್ಲ ತಿಳಿಯಲು ಅವಳೇನು ಪೊಲೀಸ್ ನಾಯಿಯೇ? ಶೀತವಾದ ದಿನ ಏನು ಮಾಡುತ್ತಾಳೆ? ಅವಳಿಗೆ ಕೋಪ ಬರುತ್ತದೆಯೇ? ಪೇಟೆಗೆ ಹೋಗಬೇಕು ಅನ್ನಿಸುತ್ತದೆಯೇ? ಹೂವಿನ ಹಾಗೆ ನೋಡಿಕೊಳ್ಳುತ್ತಾರಂತೆ! ನನ್ನ ಚಿಕ್ಕಪ್ಪನೂ ನನ್ನನ್ನು ಹಾಗೇ ನೋಡಿಕೊಳ್ಳಬೇಕೆಂದಿದ್ದರು. ಅಮ್ಮ ಹಟ ಹಿಡಿದು ಸೈಕಲ್ಲು ತರಿಸದಿದ್ದರೆ ಇವತ್ತಿಗೂ ಅವರ ಜಗುಲಿಯಲ್ಲಿ ಹೂವಾಗಿಯೇ ಇರುತ್ತಿದ್ದೆ.

ಒಂದು ಕೆಲಸ ಮಾಡಿ. ಕಣ್ಣು ಕಾಣದವರು ಯಾರನ್ನಾದರೂ ಕೇಳಿ ಬರೆಯಿರಿ. ಅಷ್ಟು ದೊಡ್ಡ ಮಾತಲೆಯಲ್ಲಿ ಅಂಥವರು ಒಬ್ಬರೂ ನಿಮಗೆ ಗೊತ್ತಿಲ್ಲವೇ?

ಮಂತ್ರಿ ಮೇಕೆಯ ಕಥೆಗೆ ಇನ್ನೂ ಆರು ವಾಕ್ಯ ಸೇರಿಸಿದ್ದೇನೆ. ನೋಡಿ ಹೇಳಿ.

ಯೋಗಮಲರ್

———

ಕಲ್ಲಡಿ
೨೨ ಜೂನ್ ೨೦೦೩

ಅಯ್ಯಾ ಅವರಿಗೆ,

ಏಪ್ರಿಲ್‌ನಲ್ಲಿ ಬರೆದದ್ದಕ್ಕೆ ಉತ್ತರವಿಲ್ಲ. ಅದೇ ತಿಂಗಳ ಹೊಸ ವರ್ಷದ ಹಬ್ಬಕ್ಕೆ ಕಳಿಸಿದ ಕಾರ್ಡಿಗೂ ಇಲ್ಲ. ದಾರಿಯಲ್ಲಿ ಕಳೆದುಹೋಯಿತೆಂದು ನಂಬೋಣವೆಂದರೆ ನೀವೇ ಪೋಸ್ಟ್ ಮಾಸ್ಟರ್.

ನನ್ನ ನಾಲಿಗೆ ಉದ್ದವೆಂದು ಅಮ್ಮ ಹೇಳುತ್ತಲೇ ಇರುತ್ತಾಳೆ. ಎಲ್ಲೋ ತಾಗಬಾರದ ಕಡೆ ತಾಗಿಸಿದೆನೇನೋ. ಎಲ್ಲಿ ಅಂತ ಗೊತ್ತಾದರೆ ಕ್ಷಮೆ ಕೇಳುತ್ತೇನೆ. ಮಲ್ಲಿಗೆಯ ಹೆಂಗಸಿನ ಬಗ್ಗೆ ಹೇಳಿದ್ದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಸೋಮಲತಾ ಅಮ್ಮ ಕ್ಷೇಮವೇ?

ಯೋಗಮಲರ್

———

ಮಾತಲೆ
೬ ಜುಲೈ ೨೦೦೩

ಮಗಳೇ ಯೋಗಮಲರ್,

ಬರೀತಿರೋದು ಇವರ ಕೈ, ಮಾತು ನಂದು. ನಾನು ಸಿಂಹಳದಲ್ಲಿ ಹೇಳ್ತೀನಿ, ಇವರು ತಮಿಳು ಮಾಡಿ ಬರೀತಾರೆ. ಬರೆದದ್ದನ್ನ ಓದಿಸ್ಕೊಳ್ತೀನಿ, ಮೆತ್ತಗೆ ಮಾಡಿ ಬರೆದ್ರೆ ನಂಗೆ ಗೊತ್ತಾಗುತ್ತೆ. ವಾಳೈಚ್ಚೇನೈ ಸಂತೇಲಿ ಸೊಪ್ಪಿನವರ ಹತ್ರ ಬೈಸಿಕೊಂಡು ತಮಿಳು ಕಲಿತವಳು ನಾನು.

ನಂಗೆ ಕಣ್ಣು ಕಾಣಲ್ಲ. ಆರು ವರ್ಷ ಆಯ್ತು.

(ಸಕ್ಕರೆ ಕಾಯಿಲೆಯಿಂದ ಹೀಗಾಯಿತು. — ನಂ.)

ನಾನು ಸುಮ್ಮನೆ ಕೂತಿರುವಾಗ ಪೆನ್ನು ಓಡ್ತಿದೆ ಅಂದ್ರೆ ಇವರು ತಮ್ಮದೇನೋ ಸೇರಿಸ್ತಿದ್ದಾರೆ ಅಂತ ಅರ್ಥ. ಇದು ದೈವಶಕ್ತಿ ಅಲ್ಲ ಮಗಳೇ, ಬಾಗಿಲಲ್ಲಿ ಕೂತು ಮೂಸಿ ತಿಳಿದಿದ್ದೂ ಅಲ್ಲ. ಯಾರಿಗಾದ್ರೂ ಗೊತ್ತಾಗುತ್ತೆ.

ನಿನ್ನ ಏಪ್ರಿಲ್ ಕಾಗದ ಇವರು ನಂಗೆ ಓದಲಿಲ್ಲ. “ಆ ಹುಡುಗಿ ಬರೆದ್ಲಾ?” ಅಂತ ಕೇಳ್ತಿದ್ದೆ. “ಇಲ್ಲ” ಅಂತಿದ್ರು. ಮೊನ್ನೆ ನಿನ್ನ ಕಾಗದ ಬಂದಾಗ ಇವರು ಸ್ನಾನಕ್ಕೆ ಹೋಗಿದ್ರು. ಪೋಸ್ಟ್‌ಮ್ಯಾನ್ ನನ್ನ ಕೈಗೇ ಕೊಟ್ಟು, “ಅಮ್ಮಾ, ಮಟ್ಟಕ್ಕಳಪ್ಪಿನಿಂದ ಮತ್ತೆ ಬಂದಿದೆ” ಅಂದ. ಮತ್ತೆ ಅಂದ್ರೆ ಮುಂಚೆನೂ ಬಂದಿತ್ತು ಅಂತಾಯ್ತಲ್ಲ. ಸ್ನಾನ ಮುಗಿಸಿ ಬಂದವರನ್ನ ಕೂರಿಸಿ ಎಲ್ಲಾ ಓದಿಸಿದೆ.

ಪೊಲೀಸ್ ನಾಯಿ ಅಂತ ಬಂದಾಗ ಇವರು ಕಾಗದ ಮಡಚೋಕೆ ನೋಡಿದ್ರು. ನಾನು ಚಾಪೆ ಮೇಲೆ ಬಿದ್ದು ನಕ್ಕೆ. ಆಮೇಲೆ ಅತ್ತೆ. ಅದನ್ನೂ ಬರೀರಿ ಅಂದೆ. ಬರೆದ್ರಾ ಅಂತ ಕೇಳಿದೆ, ಹೂಂ ಅಂದ್ರು.

(ಬರೆದಿದ್ದೇನೆ.)

ಇವರು ಕೆಟ್ಟವರಲ್ಲ. ನಾನು ಎಡವಿ ಬಿದ್ದರೆ ಇವರ ಜೀವ ಹೋಗುತ್ತೆ. ಅದಕ್ಕೇ ನಾನು ಎಡವೋ ಜಾಗಕ್ಕೇ ಹೋಗದ ಹಾಗೆ ಮನೆ ಜೋಡಿಸಿದ್ದಾರೆ. ಬಂದವರ ಹತ್ರ “ಅವಳಿಗೆ ಸ್ವಲ್ಪ ಹುಷಾರಿಲ್ಲ” ಅಂತಾರೆ. ಆರು ವರ್ಷದಿಂದ ಸ್ವಲ್ಪ ಹುಷಾರಿಲ್ಲ ನಂಗೆ!

ಇದಿರಲಿ, ಕೆಲಸದ ಮಾತಿಗೆ ಬರ್ತೀನಿ. ನಿನ್ನ ಪಾಠದಲ್ಲಿ ಕನಕಮ್ಮ ಇದ್ದಾಳಲ್ಲ, ಗಿಡ ಕಳಕೊಂಡವಳು, ಅವಳಿಗೆ ಕಣ್ಣು ಕಾಣದ ಹಾಗೆ ಮಾಡು. ಆಗ ಜಗಳ ಎಷ್ಟು ರುಚಿ ಆಗುತ್ತೆ ನೋಡು. ಪವಳಂ ಕೇಳಲಿ: “ನೀನು ನೋಡಿದೆಯಾ?” ಕನಕಮ್ಮ ಹೇಳಲಿ: “ಇಲ್ಲ, ಮುಟ್ಟಿದೆ. ಬೆಳಿಗ್ಗೆ ಗಿಡ ಇತ್ತು, ಈಗ ಕಡ್ಡಿ ಇದೆ.” ಪವಳಂ: “ಬೇರೆ ಮೇಕೆ ತಿಂದಿತು!” ಕನಕಮ್ಮ: “ಬೇರೆ ಮೇಕೆಗೆ ನಿನ್ನ ಹಾಗೆ ಧೈರ್ಯ ಇಲ್ಲ!” ಇಬ್ಬರೂ ಬಾಯಿ ಬಿಟ್ಟು ಬೈಯಲಿ. ಕರುಣೆ ಗಿರುಣೆ ಯಾರಿಗೂ ಬೇಡ.

ಇನ್ನೊಂದು ಹೇಳ್ತೀನಿ. ಆಸ್ಪತ್ರೆಯವರು ಕೊಟ್ಟ ಬಿಳಿ ಕೋಲು ಅಲ್ಮೇರಾದ ಮೇಲೆ ಇತ್ತು. ನಿನ್ನೆ ಇಳಿಸಿಕೊಂಡೆ. ಬೇಲಿ ತನಕ ಹೋಗಿ ಬಂದೆ. ಇವರು ಹಿಂದೆಯೇ ಉಸಿರು ಬಿಗಿ ಹಿಡಿದು ಬರ್ತಿದ್ರು. “ಸದ್ದು ಮಾಡ್ಕೊಂಡು ಉಸಿರಾಡಿ, ಇಲ್ದಿದ್ರೆ ನಿಮ್ಮನ್ನೇ ಎಡವ್ತೀನಿ” ಅಂದೆ.

ನಿನ್ನ ಅಮ್ಮನ ಸಮಾನಳಾದ,
ಸೋಮಲತಾ

(ಟೀಚರ್, ನಾನು ಸೇರಿಸಲು ಏನೂ ಇಲ್ಲ. — ನಂ.)

———

ಕಲ್ಲಡಿ
೧೪ ಜುಲೈ ೨೦೦೩

ನನ್ನ ಸೋಮಲತಾ ಅಮ್ಮನಿಗೆ, ಅಯ್ಯಾ ಅವರಿಗೂ,

ಕಡ್ಡಿ ಇದೆ!! ಅಮ್ಮಾ, ನೀವು ಇಷ್ಟು ದಿನ ಎಲ್ಲಿದ್ದಿರಿ?

ಇಡೀ ಪಾಠವನ್ನು ಹೊಸದಾಗಿ ಬರೆದು ಕಳಿಸುತ್ತಿದ್ದೇನೆ. ಕೊನೆಗೆ ಕನಕಮ್ಮ ಕೋಲು ಊರಿಕೊಂಡು ಪವಳಂ ಮನೆಗೇ ಬಂದು ಮಂತ್ರಿಯ ಕೊರಳ ಹಗ್ಗ ಹಿಡಿದು ಎಳೆದುಕೊಂಡು ಹೋಗುತ್ತಾಳೆ. “ಗಿಡ ಬೆಳೆದ ಮೇಲೆ ಮೇಕೆ ಕೊಡುತ್ತೇನೆ” ಎನ್ನುತ್ತಾಳೆ. ಪವಳಂ ಸೈಕಲ್ಲು ತಿರುಗಿಸಿಕೊಂಡು ಅವಳ ಹಿಂದೆಯೇ ಬರುತ್ತಾಳೆ, “ನಾನು ಕಟ್ಟಲಿಲ್ಲ! ಒಪ್ಪಿದೆ! ನಾನೇ ಕಟ್ಟಲಿಲ್ಲ!” ಎಂದು ಕೂಗುತ್ತ. ಅಲ್ಲಿಗೆ ಪಾಠ ಮುಗಿಯುತ್ತದೆ.

ಅಯ್ಯಾ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆ ಒಂದು ಸಾಲು ಅಮ್ಮನ ಪತ್ರದಲ್ಲಿ ನಿಮ್ಮ ಕೈಯಲ್ಲೇ ಬರೆದಿದ್ದೀರಲ್ಲ, ‘ಆಮೇಲೆ ಅತ್ತೆ’ ಅಂತ. ಅಲ್ಲಿ ಅಕ್ಷರ ಸ್ವಲ್ಪ ಓರೆಯಾಗಿದೆ.

ನಿಮ್ಮಿಬ್ಬರ,
ಯೋಗಮಲರ್

———

ಮಾತಲೆ
೩೧ ಆಗಸ್ಟ್ ೨೦೦೩

ಮಗಳೇ,

ಸಮಿತಿಯ ಸಭೆ ನಿನ್ನೆ ನಡೆಯಿತು. ನಾನು ಜೀವನದಲ್ಲಿ ಮೊದಲ ಬಾರಿ ಮೇಜು ಕುಟ್ಟಿದೆ.

“ಅಂಗವಿಕಲರು ಒಬ್ಬರನ್ನೊಬ್ಬರು ಬೈಯೋದಾ? ಮಕ್ಕಳು ಏನು ಕಲಿತಾರೆ?” ಎಂದರು ಸೇನಾಧೀರ. “ಭೂತಕಾಲ ಕಲಿತಾರೆ ಸಾರ್” ಎಂದೆ. ಮೇಜು ಕುಟ್ಟಿದ್ದು ಆಗಲೇ. ಚಹಾ ಚೆಲ್ಲಿತು.

ಅವರೊಂದು ಷರತ್ತು ಹಾಕಿದ್ದಾರೆ. ಕೊನೆಗೆ ಒಂದು ಪ್ಯಾರಾ ಇರಬೇಕಂತೆ: ಊರವರೆಲ್ಲ ಸೇರಿ ಪವಳಂಗೆ ಚಪ್ಪಾಳೆ ತಟ್ಟುತ್ತಾರೆ, ‘ಅವಳ ಧೈರ್ಯ ನಮಗೆಲ್ಲ ಮಾದರಿ’ ಎನ್ನುತ್ತಾರೆ. ನಾನು ಒಪ್ಪಲಿಲ್ಲ, ಅವರೂ ಬಿಡಲಿಲ್ಲ. ಕೊನೆಗೆ ಆದ ತೀರ್ಮಾನ ಇದು. ಪೊಲೊನ್ನರುವ ಹತ್ತಿರದ ಒಂದು ಸಿಂಹಳ ಶಾಲೆಯಲ್ಲಿ ಆ ಪ್ಯಾರಾ ಸೇರಿಸಿಯೇ ಪಾಠ ಮಾಡಿ ನೋಡುವುದು. ಅಧ್ಯಕ್ಷರು ಕೂತು ನೋಡುತ್ತಾರೆ. ಲೇಖಕ ತರಗತಿಯಲ್ಲಿ ಇರಕೂಡದು, ಅದು ಸಂಘದ ನಿಯಮ. ಪಾಠ ಯಾರು ಮಾಡಬೇಕೆಂದು ಕೇಳಿದರು. ನಿನ್ನ ಹೆಸರು ಹೇಳಿಬಿಟ್ಟೆ.

ನಿನ್ನನ್ನು ಕೇಳದೆ ಹೇಳಿದೆ, ಕೋಪ ಮಾಡಿಕೊಳ್ಳಬೇಡ. ಸೆಪ್ಟೆಂಬರ್ ಕೊನೆಯ ವಾರ. ಬರುತ್ತೀಯಾ?

ಸೋಮಲತಾ ಈಗ ರಸ್ತೆಯ ತಿರುವಿನವರೆಗೆ ಹೋಗಿಬರುತ್ತಾಳೆ. ನಾನು ಗೇಟಿನಲ್ಲೇ ನಿಲ್ಲಬೇಕೆಂದು ಅಪ್ಪಣೆ. ನಿಲ್ಲುವುದು ಬಹಳ ಕಷ್ಟದ ಕೆಲಸ.

ನಿನ್ನ,
ನಂದಸೇನ

———

ಕಲ್ಲಡಿ
೨೯ ಸೆಪ್ಟೆಂಬರ್ ೨೦೦೩

ಅಯ್ಯಾ, ಅಮ್ಮಾ,

ಹೋಗಿ ಬಂದೆ! ಮನೆ ಸೇರಿದ ಕೂಡಲೇ ಬರೆಯಲು ಕೂತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಅಯ್ಯಾ ನಿಧಾನವಾಗಿ ಓದಿ ಹೇಳಲಿ, ಯಾವ ಸಾಲೂ ಹಾರಿಸಬಾರದು.

ಬಸ್ಸಿನವರು ಸೈಕಲ್ಲು ಹತ್ತಿಸಲು ಒಪ್ಪಲಿಲ್ಲ. ಅಕ್ಕಿ ತರಲು ಪೊಲೊನ್ನರುವಕ್ಕೆ ಖಾಲಿ ಹೋಗುವ ಲಾರಿಯೊಂದು ಸಿಕ್ಕಿತು. ಡ್ರೈವರ್ ರಹೀಂ ಅಣ್ಣ ಸೈಕಲ್ಲನ್ನು ಹಿಂದೆ ಕಟ್ಟಿ, ನನ್ನನ್ನು ಮುಂದೆ ಕೂರಿಸಿದರು. ಚೆಕ್‌ಪಾಯಿಂಟಿನಲ್ಲಿ ಸಿಪಾಯಿ ಇಣುಕಿ, “ಎಲ್ಲಿಗೆ ಅಕ್ಕಾ?” ಎಂದು ಕೇಳಿದ. ನನಗೆ ಬರುವ ಹರಕು ಸಿಂಹಳದಲ್ಲಿ “ಮೇಕೆ ಬಗ್ಗೆ ಜಗಳ ಆಡೋಕೆ” ಎಂದೆ. ಅವನು ನಗುತ್ತ ಬಿಟ್ಟುಬಿಟ್ಟ.

ತರಗತಿಗೆ ಎರಡು ಮೆಟ್ಟಿಲಿತ್ತು. ಶಾಲೆಯ ಹೆಡ್ ಮಾಸ್ಟರ್ ಗಾಬರಿಯಾಗಿ ನಾಲ್ಕು ಜನರನ್ನು ಕರೆದರು. “ಎತ್ತೋದು ಬೇಡ ಸಾರ್. ಪಾಠ ಹೊರಗೇ ಮಾಡೋಣ, ಮೇಕೆಗೂ ಜಾಗ ಬೇಕಲ್ಲ” ಎಂದೆ. ಅಂಗಳದ ದೊಡ್ಡ ಮಳೆಮರದ ಕೆಳಗೆ ಮಕ್ಕಳೆಲ್ಲ ಸುತ್ತ ಕೂತರು. ಸೇನಾಧೀರ ಅವರಿಗೆ ಕುರ್ಚಿ ಹಾಕಿದರು. ತೊಡೆಯ ಮೇಲೆ ಫೈಲು, ಮುಖದಲ್ಲಿ ನಗುವಿಲ್ಲ.

ಬೇಕರಿಯ ಮೂವರ ಮುಂದೆ ಮಾತಾಡುವುದು ಬೇರೆ, ಇದು ಬೇರೆ. ಮಕ್ಕಳೆಲ್ಲ ನನ್ನ ಕಾಲನ್ನೇ ನೋಡುತ್ತಿದ್ದರು. ನಾನು ಒಂದೇ ಉಸಿರಿಗೆ ಕೂಗಿದೆ: “ನಿನ್ನ ಮೇಕೆ ನನ್ನ ಗಿಡ ತಿಂದಿತು!” ಎಲ್ಲರೂ ಬೆಚ್ಚಿ ನನ್ನ ಬಾಯಿ ನೋಡಿದರು. ಆಮೇಲೆ ಕಾಲಿನ ಕಡೆ ಯಾರೂ ನೋಡಲಿಲ್ಲ.

ಅರ್ಧ ಗಂಟೆಯಲ್ಲಿ ಸಾಲುಗಳೆಲ್ಲ ಬಾಯಿಗೆ ಬಂದವು. ಈಗ ಆಡಿ ತೋರಿಸಬೇಕು, ಯಾರು ಯಾರಾಗುತ್ತೀರಿ ಅಂದೆ. ಕನಕಮ್ಮನಿಗೆ ಹತ್ತು ಕೈ ಎದ್ದವು. ಬೈಗುಳ ಜಾಸ್ತಿ ಇರುವ ಪಾತ್ರವಲ್ಲವೇ!

ಕೊನೆಯಲ್ಲಿ ಒಂದು ಹುಡುಗಿ ಬೇರೆಯಾಗಿ ಕೂತಿದ್ದಳು. ಹೆಸರು ಇನೋಕಾ. ಒಂದು ಕಾಲಿಗೆ ಕಬ್ಬಿಣದ ಪಟ್ಟಿ, ದಪ್ಪ ಬೂಟು. ಅವರ ಟೀಚರ್ ನನ್ನ ಕಿವಿಯಲ್ಲಿ “ಅವಳು ಸುಮ್ಮನೆ ನೋಡ್ತಾಳೆ ಬಿಡಿ ಮಿಸ್, ಯಾವಾಗ್ಲೂ ಹಾಗೇ” ಎಂದರು. ಸೇನಾಧೀರ ಆ ಕಡೆ ನೋಡಿ, ಮೊದಲ ಸಲ ಮುಖ ಅರಳಿಸಿಕೊಂಡು, “ಈ ಮಗು ಪವಳಂ ಆಗಲಿ. ಎಷ್ಟು ಚೆನ್ನಾಗಿ ಹೊಂದುತ್ತೆ!” ಎಂದರು. ನಿಜ ಹೇಳುತ್ತೇನೆ, ನನ್ನ ಮನಸ್ಸಿನಲ್ಲೂ ಅದೇ ಇತ್ತು. ಸೈಕಲ್ಲಿನಿಂದ ಇಳಿದು ಚಾಪೆಯ ಮೇಲೆ ಕೂತು, “ಬಾ, ಹತ್ತು” ಎಂದೆ.

ಅವಳು ಸೈಕಲ್ಲು ನೋಡಿದಳು. ತಲೆ ಅಲ್ಲಾಡಿಸಿದಳು.

“ಬೇಡ ಮಿಸ್. ನಾನು ಮೇಕೆ.”

“ಏನು?”

“ನಾನು ಮಂತ್ರಿ. ನಂಗೆ ತಿನ್ನೋದು ಬೇಕು.”

ಅಮ್ಮಾ, ನೀವು ಅಲ್ಲಿರಬೇಕಿತ್ತು! ಪವಳಂ ಆದದ್ದು ತರಗತಿಯ ಅತಿ ಜೋರಿನ ಹುಡುಗ. ಸೈಕಲ್ಲು ತಿರುಗಿಸಲು ಬಾರದೆ ಮರಕ್ಕೆ ಗುದ್ದಿದ. ಇನೋಕಾ ಕೈ ಊರಿ, ಬೂಟು ಟಕ್ಕೆಂದು ಎಳೆಯುತ್ತ, ಮ್ಯಾ ಎನ್ನುತ್ತ, ಸಿಕ್ಕಿದ್ದನ್ನೆಲ್ಲ ಮೂಸುತ್ತ ಹೊರಟಳು. ಒಬ್ಬನ ಟೋಪಿ ಕಚ್ಚಿದಳು. ಟೀಚರ್ ಸೆರಗು ಎಳೆದಳು. ಮಕ್ಕಳು ನೆಲದ ಮೇಲೆ ಹೊರಳಾಡಿ ನಗುತ್ತಿದ್ದರು. ಆ ನಗು ಹೇಗಿತ್ತು ಅಂತ ನಿಮಗೆ ಹೇಳಬೇಕು. ನನ್ನಂಥವರ ಬೆನ್ನ ಹಿಂದೆ ಕೇಳಿಬರುವ ನಗುವನ್ನು ನಾನು ಎಷ್ಟು ದೂರದಿಂದಲೂ ಗುರುತಿಸಬಲ್ಲೆ. ಇದು ಅದಲ್ಲ. ಮೇಕೆಯನ್ನು ನೋಡಿ ನಗುವ ನಗು. ಅವಳು ನೆಟ್ಟಗೆ ಅಧ್ಯಕ್ಷರ ಕುರ್ಚಿಗೆ ಹೋಗಿ ಫೈಲಿನ ಮೂಲೆಯನ್ನು ಬಾಯಲ್ಲಿ ಕಚ್ಚಿ ಎಳೆದಳು! ಸೇನಾಧೀರ ಫೈಲು ಬಿಗಿ ಹಿಡಿದು, ತಮಗೇ ತಿಳಿಯದೆ, ಒಳ್ಳೆಯ ತಮಿಳಿನಲ್ಲಿ ಕೂಗಿದರು:

“ಯಾರು ಈ ಮೇಕೆ ಕಟ್ಟಲಿಲ್ಲ?”

ಐವತ್ತು ಮಕ್ಕಳೂ ಒಟ್ಟಿಗೆ: “ಪವಳಂ ಕಟ್ಟಲಿಲ್ಲ!”

ಆಮೇಲೆ ಅವರ ಪ್ಯಾರಾ ಓದಿದೆ. ಊರವರೆಲ್ಲ ಚಪ್ಪಾಳೆ ತಟ್ಟಿದರು, ಅವಳ ಧೈರ್ಯ ಮಾದರಿ. ಮರಕ್ಕೆ ಗುದ್ದಿದ ಹುಡುಗನೇ ಕೈ ಎತ್ತಿದ.

“ಮಿಸ್, ಯಾಕೆ ಚಪ್ಪಾಳೆ? ಅವಳು ಮೇಕೆ ಕಟ್ಟಲಿಲ್ಲ. ಸುಳ್ಳು ಬೇರೆ ಹೇಳಿದಳು.”

ನಾನು ಅಧ್ಯಕ್ಷರ ಕಡೆ ನೋಡಿದೆ. “ಸಾರ್, ಇದಕ್ಕೆ ನೀವೇ ಉತ್ತರ ಕೊಡಬೇಕು.”

ಅವರು ಒದ್ದೆಯಾದ ಫೈಲಿನ ಮೂಲೆಯನ್ನು ಕರವಸ್ತ್ರದಿಂದ ಒರೆಸಿದರು. “ಗೊತ್ತಿಲ್ಲ ಮಗನೇ” ಎಂದರು. ತೀರ್ಮಾನ ಹೇಳದೆ ಕಾರು ಹತ್ತಿ ಹೋದರು.

ಈಗ ಏನಾಗುತ್ತದೋ ಗೊತ್ತಿಲ್ಲ. ಹೊರಡುವಾಗ ಇನೋಕಾ ಸೈಕಲ್ಲಿನ ಹಿಂದೆಯೇ ಗೇಟಿನವರೆಗೆ ಬಂದು ಕೇಳಿದ್ದು ಒಂದೇ: “ಮಿಸ್, ಮುಂದಿನ ಪಾಠದಲ್ಲಿ ಹುಲಿ ಇದೆಯಾ?”

ನಿಮ್ಮ ಮಗಳು,
ಯೋಗಮಲರ್

———

ಮಾತಲೆ
೨ ನವೆಂಬರ್ ೨೦೦೩

ಮಗಳೇ ಯೋಗಮಲರ್,

ಮೊದಲು ಇವರ ಸುದ್ದಿ ಹೇಳಿ ಮುಗಿಸ್ತೀನಿ, ಇಲ್ಲದಿದ್ದರೆ ಬರೆಯೋ ಕೈ ಕುಣೀತಾ ಇರುತ್ತೆ. ಪಾಠ ಪುಸ್ತಕಕ್ಕೆ ಹೋಯ್ತು! ಚಪ್ಪಾಳೆ ಇಲ್ಲ. ಆಲದ ಮರದವನು ಎದ್ದು ಹೋದ. ಸೇನಾಧೀರ ಮನೆಗೇ ಬಂದು ಹೇಳಿದರು. ಪೂರ್ತಿ ಗೆದ್ದೆವು ಅಂದ್ಕೋಬೇಡ. ಮೇಕೆಗೆ ಮಂತ್ರಿ ಅನ್ನೋ ಹೆಸರು ಬೇಡ ಅಂತ ಸಮಿತಿಯವರು ಹಟ ಹಿಡಿದ್ರು, ಮೇಲಿನವರಿಗೆ ಬೇಜಾರಾಗುತ್ತಂತೆ. ಮುತ್ತು ಅಂತ ಇಟ್ಟಿದ್ದಾರೆ. ಚಿತ್ರ ಬರೆಯೋನ ಮೊದಲ ಚಿತ್ರದಲ್ಲಿ ಪವಳಂ ಸೈಕಲ್ಲು ತಳ್ಳೋಕೆ ಹಿಂದೆ ಒಬ್ಬ ಅಣ್ಣ ನಿಂತಿದ್ದನಂತೆ. ಇವರು ಅಳಿಸಿ ಅಂದ್ರು. ಮುಂದಿನ ಪುಸ್ತಕ ಬರೆಯೋಕೆ ನಿನ್ನನ್ನೇ ಕರೀತಾರೆ. ಸಭೆ ಮೆಟ್ಟಿಲಿಲ್ಲದ ಕೆಳಗಿನ ಕೋಣೆಯಲ್ಲೇ ನಡೀಬೇಕು ಅಂತ ನಾನೇ ಸೇನಾಧೀರನಿಗೆ ಹೇಳಿದ್ದೀನಿ.

(ಹೇಳಿದ್ದಲ್ಲ, ಗದರಿದ್ದು. — ನಂ.)

ಈಗ ನನ್ನ ಸುದ್ದಿ.

ನಿನ್ನೆ ಒಬ್ಬಳೇ ಮೀನು ಪೇಟೆಗೆ ಹೋಗಿದ್ದೆ. ಇವರು ಗೇಟಿನಲ್ಲೇ ಉಳಿದ್ರು. ಉಳಿದ್ರು ಅಂತ ಹೇಳ್ತಾರೆ, ನಂಬಿದ್ದೀನಿ. ದಾರಿಯಲ್ಲಿ ಒಂದು ಸಲ ಚರಂಡಿಗೆ ಕಾಲು ಹಾಕಿದೆ, ಒಂದು ಸಲ ಯಾರದೋ ಬಾಳೆಗೊನೆಗೆ ಹಣೆ ಹೊಡೆದುಕೊಂಡೆ. ಪೇಟೆ ತಲುಪಿದೆ. ಆರು ವರ್ಷದಲ್ಲಿ ಆ ಗಲಾಟೆ ಒಂಚೂರೂ ಕಮ್ಮಿ ಆಗಿಲ್ಲ! ಅಲ್ಲೇ ನಿಂತು ಸ್ವಲ್ಪ ಹೊತ್ತು ಸುಮ್ಮನೆ ಕೇಳಿಸಿಕೊಂಡೆ.

ತಮಿಳು ಮಾತಾಡೋ ಮೀನಿನವನೊಬ್ಬ ಸಿಕ್ಕಿದ. ಚೌಕಾಸಿ ಮಾಡಿ ಬಂಗಡೆ ಕೊಂಡೆ. ಮನೆಗೆ ತಂದು ಇವರ ಕೈಗೆ ಕೊಟ್ಟೆ. ಇವರು ಮೂಸಿ ಕೆಳಗಿಟ್ರು. ಮುಟ್ಟಿ ನೋಡಿದೆ, ಮೆತ್ತಗಿತ್ತು. ಅಷ್ಟೂ ಹಳೇ ಮೀನು! ಪೇಟೆ ತುಂಬಾ ಮೀನು ವಾಸನೆ, ನಂಗೆ ಯಾವುದು ಯಾವುದೋ ಏನು ಗೊತ್ತಾಗುತ್ತೆ!

“ಹೋಗಲಿ ಬಿಡು, ನಾನು ಬೇರೆ ತರ್ತೀನಿ” ಅಂದ್ರು ಇವರು. “ನೀವು ಕೂತ್ಕೊಳ್ಳಿ” ಅಂದು ಕೋಲು ತಗೊಂಡು ಅದೇ ಮೀನು ಹಿಡಿದು ವಾಪಸ್ ಹೋದೆ. ಎಲ್ಲರಿಗೂ ಕೇಳೋ ಹಾಗೆ ಕೂಗಿದೆ:

“ಏನಯ್ಯಾ, ಕಣ್ಣು ಕಾಣಲ್ಲ ಅಂತ ನಂಗೆ ಕೊಳೆತದ್ದು ಕೊಟ್ಟೆಯಾ?”

ಅವನಿಗೆ ನಿಜವಾಗಿ ನೋವಾಯ್ತು ಮಗಳೇ. ಧ್ವನಿಯಲ್ಲೇ ಇತ್ತು.

“ಅಯ್ಯೋ, ಏನಮ್ಮಾ ಹೀಗಂತೀರಿ? ಬೆಳಿಗ್ಗೆಯಿಂದ ಎಲ್ಲರಿಗೂ ಅದನ್ನೇ ಕೊಟ್ಟೆ!”

ಮೀನು ಬದಲಾಯಿಸಿ ಕೊಡಲಿಲ್ಲ ಬಡ್ಡಿಮಗ. ನಾನು ಮನೆ ತನಕ ನಗ್ತಾ ಬಂದೆ.

ಸೋಮಲತಾ